ಎಡಗೈ ಅಕ್ಷರ

ಜೂನ್ 12, 1949. ಭಾನುವಾರ

ಊಟವಾಗಿ ಎಲ್ಲರೂ ಅಡ್ಡಾಗಿದ್ದಾರೆ. ಈ ಚಾಮರಾಜಪೇಟೆಯ ಮನೆಯಲ್ಲಿ ನನ್ನದು ಅಂತ ಸಿಗುವ ಹೊತ್ತು ಇದೊಂದೇ. ಯಾರ ಮೇಲಾದರೂ ರೇಗಬೇಕು, ಇಲ್ಲವೇ ಬರೆಯಬೇಕು. ರೇಗಿದರೆ ಮನೆಯಲ್ಲಿ ರಂಪವಾಗುತ್ತದೆ. ಹಾಗಾಗಿ ಇವತ್ತಿನಿಂದ ಬರೆಯುತ್ತೇನೆ.

ಮಾವನವರಿಗೆ ಲಕ್ವ ಹೊಡೆದು, ಆಸ್ಪತ್ರೆಯಲ್ಲಿದ್ದು, ಹೋದ ತಿಂಗಳು ಮನೆಗೆ ಬಂದರು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮಾತಿಗೆ. ಅಕ್ಕಿಪೇಟೆಯ ನಮ್ಮ ಅಕ್ಕಿ ಮಂಡಿಯಲ್ಲಿ ನಿಂತು ಕೂಗಿದರೆ ಕಾಟನ್‌ಪೇಟೆಯವರು ತಿರುಗಿ ನೋಡುತ್ತಿದ್ದರು, ಅಂಥ ಗಂಟಲು. ಈಗ ಆ ಬಾಯಲ್ಲಿ ಪೂಜೆಯ ಹೊತ್ತಿನ ಮಂತ್ರ, ವಚನಗಳು ಮಾತ್ರ ಮೊದಲಿನಂತೆ ಸರಾಗವಾಗಿ ಬರುತ್ತವೆ. ಪೂಜೆ ಮುಗಿದರೆ ಉಳಿಯುವುದು ‘ಶಿವ ಶಿವ’ ಒಂದೇ. ನೀರು ಬೇಕಾದರೂ ಶಿವ ಶಿವ, ಸೊಳ್ಳೆ ಕಚ್ಚಿದರೂ ಶಿವ ಶಿವ, ಬೆಕ್ಕು ಹಾಲಿಗೆ ಬಾಯಿ ಹಾಕಿದರೂ ಶಿವ ಶಿವ. ಬಾಯಿಪಾಠವಾದದ್ದು ಉಳಿದಿದೆ, ತಾವಾಗಿ ಆಡುವ ಮಾತು ಹೋಗಿದೆ, ಬಂದರೆ ಬಂತು ಎಂದು ಡಾಕ್ಟರು ಕೈ ತೊಳೆದುಕೊಂಡರು.

ಇದು ಸಾಲದು ಎಂಬಂತೆ ಸ್ಕೂಲಿನವರು ಕುಮಾರಿಯನ್ನು ವಾಪಸು ಕಳಿಸಿದ್ದಾರೆ. ನನ್ನ ಮಗಳಿಗೆ ಆರು ತುಂಬಿದೆ. ಪುಸ್ತಕದ ಮೊದಲ ಪುಟವನ್ನು ಕಣ್ಣು ಮುಚ್ಚಿ ಒಪ್ಪಿಸುತ್ತಾಳೆ. ಅದೇ ಪುಟದ ನಡುವಿನ ಒಂದಕ್ಷರದ ಮೇಲೆ ಬೆರಳಿಟ್ಟರೆ ನನ್ನ ಮುಖ ನೋಡುತ್ತಾಳೆ. ಮುಂದಿನ ವರ್ಷ ಕರೆದುಕೊಂಡು ಬನ್ನಿ ಎಂದರು ಮೇಡಮ್ಮು. ತುಮಕೂರಿನಲ್ಲಿ ಲೋಯರ್ ಸೆಕೆಂಡರಿ ಪಾಸು ಮಾಡಿದ ನನ್ನ ಹೊಟ್ಟೆಯಲ್ಲಿ ಇಂಥ ದಡ್ಡಿ ಹೇಗೆ ಹುಟ್ಟಿದಳೋ.

ಗೌರಿ ಹಬ್ಬಕ್ಕೆ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರಬೇಕು.

ಜೂನ್ 14. ಮಂಗಳವಾರ

ವಿಶ್ವೇಶ್ವರಪುರದಿಂದ ಸುಂದರಮ್ಮ ಬಂದಿದ್ದರು, ಅತ್ತೆಯವರ ಗೆಳತಿ. ಬಾಳೆಹಣ್ಣಿನ ಚಿಪ್ಪನ್ನು ಮಾವನವರ ಮುಂದಿಟ್ಟು ಅಡ್ಡಬಿದ್ದರು. ರೋಗಿಗೆ ಯಾಕೆ ಅಡ್ಡಬೀಳುತ್ತಾರೆ ಎಂದು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

“ನಮ್ಮ ಹುಡುಗಂಗೆ ಈ ಸಲನಾದ್ರೂ ಕೆಲಸ ಆಗುತ್ತಾ? ಒಂದು ಮಾತು ಹೇಳ್ಬಿಡಿ” ಎಂದರು.

ಮಾವನವರ ಬೆನ್ನ ಹಿಂದಿನ ದಿಂಬು ಜಾರಿ ಗೋಡೆಯ ಮೂಲೆ ಒತ್ತುತ್ತಿತ್ತು. “ಶಿವ ಶಿವ” ಎಂದರು. ಯಾರೂ ದಿಂಬಿನ ಕಡೆ ನೋಡಲಿಲ್ಲ. “ಶಿವ ಶಿವ!” ಎಂದು ಗದರಿದರು.

“ಎರಡು ಸಲ ಅಂದ್ರು! ಕೇಳಿಸ್ತಾ ವಿಶಾಲಾಕ್ಷಮ್ಮ, ಎರಡು ಸಲ!” ಸುಂದರಮ್ಮ ಗಲ್ಲ ಗಲ್ಲ ಬಡಿದುಕೊಂಡರು.

“ಅವರಿಗೀಗ ಲೋಕದ ಮಾತು ಬೇಡ ಆಗಿದೆ ಕಣಮ್ಮ” ಎಂದರು ನಮ್ಮ ಅತ್ತೆ. “ಬಾಯಿ ಬಿಟ್ರೆ ಶಿವನ ಹೆಸರೊಂದೇ. ನಲವತ್ತು ವರ್ಷ ನನ್ನನ್ನ ಬೈದ ಬಾಯಿ ಅದು. ಈಗ ನೋಡಿ.”

ಅತ್ತೆಯವರ ಮುಖದಲ್ಲಿ ಎಂಥ ನೆಮ್ಮದಿ! ಅವರನ್ನು ದೂರಿ ಏನು ಪ್ರಯೋಜನ? ಗಂಡ ಹಾಸಿಗೆ ಹಿಡಿದಿದ್ದಾನೆ ಅನ್ನುವುದಕ್ಕಿಂತ ದೇವರಾಗಿದ್ದಾನೆ ಅನ್ನುವುದು ಹಗುರ.

ಆಕೆ ಹೋದ ಮೇಲೆ ಕುಮಾರಿಯನ್ನು ಕರೆದು, “ತಾತನ ದಿಂಬು ಸರಿ ಮಾಡು” ಎಂದೆ. ನಾನೇ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ಸೊಸೆ ಮಾವನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಮಾವನವರೊಂದಿಗೆ ಆಡಿದ ಮಾತೆಲ್ಲ ಬಾಗಿಲ ಹಿಂದಿನಿಂದ, ಇನ್ನೊಬ್ಬರ ಮೂಲಕ.

ಜೂನ್ 19. ಭಾನುವಾರ

ಬೆಳಿಗ್ಗೆ ಪೇಪರಿನವನು ಎಸೆದ ಪೇಪರನ್ನು ಮಾವನವರು ಎಡಗೈಯಲ್ಲಿ ಎಳೆದುಕೊಂಡರು. ಮೊದಲೆಲ್ಲ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳಿಸುವ ಹಾಗೆ ಓದುತ್ತಿದ್ದರು. ಹಮಾಲಿಗಳು ಕೆಲಸಕ್ಕೆ ಹೋಗುವ ಮುಂಚೆ ನಿಂತು ಕೇಳಿ ಹೋಗುತ್ತಿದ್ದರು. ಇವತ್ತು ಪೇಪರು ತಲೆಕೆಳಗಾಗಿತ್ತು. ಸರಿ ಮಾಡಿದರು. ದಪ್ಪಕ್ಷರದ ಕೆಳಗೆ ಬೆರಳಿಟ್ಟರು, ಬೆರಳು ಅಲ್ಲಿಯೇ ನಿಂತಿತು. ಮತ್ತೆ ತಲೆಕೆಳಗೆ ಮಾಡಿ ನೋಡಿದರು. ಆಮೇಲೆ ಅದನ್ನು ಮಡಚಿ ಮಡಚಿ ತೊಡೆಯ ಕೆಳಗೆ ಸೇರಿಸಿಕೊಂಡು, ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತರು.

ಅಳುವ ಶಬ್ದ ಬರಲಿಲ್ಲ. ಭುಜ ಮಾತ್ರ ಅಲ್ಲಾಡಿತು. ನನಗೆ ಸಂಕಟವಾಯಿತು, ಅದರ ಬೆನ್ನಿಗೇ ಕೆಂಡದಂಥ ಸಿಟ್ಟು ಬಂತು. ಈ ಮನುಷ್ಯ ಮೌನಿಯೂ ಆಗಿಲ್ಲ, ಸನ್ಯಾಸಿಯೂ ಆಗಿಲ್ಲ. ಅಕ್ಷರ ಕಳೆದುಕೊಂಡು ಹುಡುಕುತ್ತಿದ್ದಾರೆ. ಮನೆಯಲ್ಲಿ ಆಗಲೇ ಒಬ್ಬಳಿಗೆ ಅಕ್ಷರ ಹೇಳಿಕೊಡಬೇಕಾಗಿದೆ. ಇನ್ನೊಬ್ಬರು ಪಕ್ಕದಲ್ಲಿ ಕೂತರೆ ನನ್ನ ಗಂಟೇನು ಹೋಗುತ್ತದೆ?

ನಾಳೆಯಿಂದಲೇ ಶುರು.

ಜೂನ್ 20. ಸೋಮವಾರ

ಶುರುವಾಯಿತು, ಆದರೆ ಹೇಗೆ ಅಂತ ಕೇಳಬಾರದು.

ನಡುಮನೆಯಲ್ಲಿ ಮಾವನವರ ಹಾಸಿಗೆಯ ಪಕ್ಕಕ್ಕೆ ಕುಮಾರಿಯನ್ನು ಕೂರಿಸಿದೆ. ನಾನು ಬಾಗಿಲ ಹಿಂದೆ. ಅಕ್ಷರಾಭ್ಯಾಸ ಅಂದಮೇಲೆ ಅಕ್ಕಿ ಬೇಕಲ್ಲ ಎಂದು ತಟ್ಟೆಯಲ್ಲಿ ಒಂದು ಹಿಡಿ ಹರಡಿ ಇಡಿಸಿದ್ದೆ. ಕುಮಾರಿ ಬೆರಳಿನಿಂದ ಒಂದಕ್ಷರ ಬರೆದು ತಟ್ಟೆಯನ್ನು ತಾತನ ಕಡೆ ಸರಿಸಿದಳು. ಮಾವನವರು ಅಕ್ಷರ ನೋಡಲೇ ಇಲ್ಲ. ಒಂದು ಚಿಟಿಕೆ ಅಕ್ಕಿ ಎತ್ತಿ ಬೆಳಕಿಗೆ ಹಿಡಿದರು, ಹಲ್ಲಿಗಿಟ್ಟು ಕಡಿದರು, ಮುಖ ಹುಳ್ಳಗೆ ಮಾಡಿ “ಶಿವ ಶಿವ” ಎಂದು ತಟ್ಟೆ ತಳ್ಳಿದರು. ಈಗ ಮಂಡಿ ನೋಡಿಕೊಳ್ಳುತ್ತಿರುವವರು ಅವರ ತಮ್ಮ, ನಮ್ಮ ಚಿಕ್ಕಮಾವ. ಅವರು ಮನೆಗೆ ಕಳಿಸಿದ ಅಕ್ಕಿ ಮಾವನವರಿಗೆ ಹಿಡಿಸಲಿಲ್ಲ. ನಾನು ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಕ್ಕೆ.

ಆಮೇಲೆ ಸ್ಲೇಟು ಕೊಡಿಸಿದೆ. ಎಡಗೈಯಲ್ಲಿ ಬಳಪ ಹಿಡಿದು ‘ಅ’ ಬರೆಯಲು ಹೋದರು. ಕೆಳಗಿನ ಸುತ್ತು ಬಿಟ್ಟುಹೋಯಿತು.

“ಕುಮಾರಿ, ಕೆಳಗಿನ ಸುತ್ತು ಬಿಟ್ಟೆ” ಎಂದೆ.

“ನಾನೆಲ್ಲಮ್ಮ ಬಿಟ್ಟೆ? ತಾತ ಬಿಟ್ಟಿದ್ದು!”

“ನಿಂಗೇ ಹೇಳ್ತಿರೋದು. ತಿದ್ದು.”

“ತಾತ ಬಿಟ್ಟಿದ್ದಕ್ಕೆ ನಂಗ್ಯಾಕೆ ಬೈತೀಯ?”

ಮಾವನವರು ಒಮ್ಮೆ ಮೊಮ್ಮಗಳನ್ನು ನೋಡಿ, ಒಮ್ಮೆ ಬಾಗಿಲ ಕಡೆ ನೋಡಿ, ಸದ್ದಿಲ್ಲದೆ ಸುತ್ತನ್ನು ಸೇರಿಸಿದರು. ಕುಮಾರಿಗೆ ನ್ಯಾಯ ಸಿಗಲಿಲ್ಲ. ಸಂಜೆ ಒಂದು ತುಂಡು ಬೆಲ್ಲ ಕೊಟ್ಟು ಸಮಾಧಾನ ಮಾಡಿದೆ.

ಜೂನ್ 27. ಸೋಮವಾರ

ಅತ್ತೆಯವರಿಗೆ ಗೊತ್ತಾಯಿತು. ಇದುವರೆಗೆ ಮಗು ಆಡುತ್ತಿದೆ ಅಂದುಕೊಂಡಿದ್ದರಂತೆ.

“ಎಡಗೈಲಿ ಅಕ್ಷರ ಬರೆಸ್ತಿದೀಯಾ? ಸರಸ್ವತಿಗೆ ಎಡಗೈ ತೋರಿಸಿದ್ರೆ ಮನೆ ಉದ್ಧಾರ ಆಗುತ್ತೇನೇ ಗಿರಿಜಾ? ಊರೆಲ್ಲ ಬಂದು ಕಾಲಿಗೆ ಬೀಳೋ ಮನುಷ್ಯ, ಮಕ್ಕಳ ಸ್ಲೇಟು ಹಿಡ್ಕೊಂಡು ಕೂತಿರೋದನ್ನ ಯಾರಾದ್ರೂ ನೋಡಿದ್ರೆ?”

ನನ್ನ ಬಾಯಿ ಸುಮ್ಮನಿರಲಿಲ್ಲ. “ಅತ್ತೆ, ಪೂಜೆ ಹೊತ್ನಲ್ಲಿ ಮಾವನವರು ಲಿಂಗ ಹಿಡ್ಕೊಳ್ಳೋದು ಯಾವ ಕೈಲಿ?”

ಅವರು ಅಡಿಗೆಮನೆಯ ಕಡೆ ತಿರುಗಿದರು.

“ಎಡಗೈಲಿ ತಾನೆ? ನೀವೂ ಅಷ್ಟೆ, ನಾನೂ ಅಷ್ಟೆ. ಶಿವನಿಗಾಗೋ ಕೈ ಬಳಪಕ್ಕಾಗಲ್ವಾ?”

ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕತೊಡಗಿದರು. ಇವತ್ತು ಊಟವಿಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು: “ಹಾಗಾದ್ರೆ ಕೈ ತೊಳೆಸಿ ಕೂರಿಸು. ತಿಂದ ಕೈಲೇ ಬರೆಸ್ಬೇಡ.”

ಇಷ್ಟು ಸಾಕು.

ಜುಲೈ 2. ಶನಿವಾರ

ಕೆಟ್ಟ ದಿನ. ಯಾವ ಅಕ್ಷರ ತೋರಿಸಿದರೂ ಮಾವನವರ ಕೈ ‘ಮ’ ಎಂದೇ ಬರೆಯುತ್ತಿತ್ತು. ತಪ್ಪು ಅಂತ ಅವರಿಗೇ ಗೊತ್ತಿತ್ತು, ಅದೇ ಹಿಂಸೆ. ಅಳಿಸಿದರು, ಮತ್ತೆ ‘ಮ’. ಅಳಿಸಿದರು, ಮತ್ತೆ ‘ಮ’. ಕೊನೆಗೆ ಸ್ಲೇಟನ್ನು ಬೀಸಿ ಒಗೆದರು. ಕಂಬಕ್ಕೆ ಬಡಿದು ಒಂದು ಮೂಲೆ ಹಾರಿಹೋಯಿತು.

ಕುಮಾರಿ ಹೆದರಲಿಲ್ಲ. ಎದ್ದು ಹೋಗಿ ಎತ್ತಿಕೊಂಡು ಬಂದಳು. “ತಾತ, ನಾನೂ ಸ್ಕೂಲಲ್ಲಿ ಹೀಗೇ ಎಸ್ದಿದ್ದೆ. ಅದಕ್ಕೇ ಮನೆಗೆ ಕಳಿಸಿದ್ದು” ಎಂದಳು.

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಯಾಕೆ ಎಸೆದೆ ಎಂದು ಕೇಳಿದ್ದಕ್ಕೆ, “ಎಲ್ಲರಿಗೂ ಬರ್ತಿತ್ತು” ಎಂದಳು.

ಮಾವನವರು ಅವಳನ್ನೇ ನೋಡಿದರು. ಬಾಯಿಯ ಒಂದು ಪಕ್ಕ ಮಾತ್ರ ನಕ್ಕಿತು. ಮೂಲೆ ಮುರಿದ ಸ್ಲೇಟನ್ನು ಕೈಗೆ ತೆಗೆದುಕೊಂಡರು.

ಜುಲೈ 8. ಶುಕ್ರವಾರ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಚಿಕ್ಕಮಾವ ಮಲ್ಲಿಕಾರ್ಜುನಯ್ಯನವರು ಪೂಜೆಯ ಹೊತ್ತಿಗೆ ಬಂದರು. ಮಾವನವರು ವಚನ ಹೇಳುವುದನ್ನು ಕೈಮುಗಿದುಕೊಂಡು ಕೇಳಿದರು. ಪೂಜೆಯಾದ ಮೇಲೆ ನಮ್ಮ ಯಜಮಾನರನ್ನೂ ಅತ್ತೆಯವರನ್ನೂ ಕೂರಿಸಿಕೊಂಡರು.

“ಅಣ್ಣ ಈಗ ನಮ್ಮ ಕೈಗೆ ನಿಲುಕೋರಲ್ಲ. ಇಂಥೋರನ್ನ ಸಂಸಾರದ ಮಧ್ಯೆ ಇಟ್ಕೊಳ್ಳೋದು ಸರಿಯಲ್ಲ. ನಮ್ಮ ಮನೆತನದ ಮಠಕ್ಕೆ ಹೇಳಿ ಕಳಿಸಿದ್ದೆ. ಒಂದು ಕೋಣೆ ಕೊಡ್ತಾರಂತೆ. ಶ್ರಾವಣದ ಕಡೇ ಸೋಮವಾರ ಅವರೇ ಬಂದು ಕರ್ಕೊಂಡು ಹೋಗ್ತಾರೆ. ಇನ್ಮೇಲೆ ಅಲ್ಲೇ.”

ಇನ್ಮೇಲೆ ಅಲ್ಲೇ! ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮಾವನವರು ಮೊದಲು ಹುಡುಕಿದ್ದು ಕುಮಾರಿಯನ್ನು. ಅಂಥವರನ್ನು ಮಠದ ಕೋಣೆಯಲ್ಲಿ ಕೂರಿಸಿ ಬರುತ್ತಾರಂತೆ.

“ಅಣ್ಣನ್ನೂ ಕೇಳ್ಬಿಡೋಣ” ಎಂದರು ಚಿಕ್ಕಮಾವ. ಕೇಳಿದರು. ಮಾವನವರು “ಶಿವ ಶಿವ” ಎಂದು ತಲೆ ಆಡಿಸಿದರು. ಒಪ್ಪಿಗೆಯಾಯಿತು ಎಂದು ಇವರು ಕಣ್ಣೊರೆಸಿಕೊಂಡರು.

ಚಿಕ್ಕಮಾವ ಕೆಟ್ಟವರಲ್ಲ. ಮಂಡಿಯ ಆಸೆಗೆ ಹೀಗೆ ಮಾಡುತ್ತಿದ್ದಾರೆ ಅಂದುಕೊಂಡರೆ ನನಗೆ ಅನುಕೂಲವಾಗುತ್ತಿತ್ತು, ಎದುರು ನಿಂತು ಜಗಳ ತೆಗೆಯಬಹುದಿತ್ತು. ಆದರೆ ಅವರು ನಿಜವಾಗಿಯೂ ನಂಬಿದ್ದಾರೆ. ನಂಬಿದವರ ಹತ್ತಿರ ಏನು ಜಗಳವಾಡುವುದು?

ಶ್ರಾವಣ ಮುಗಿಯುವುದರೊಳಗೆ ಮಾವನವರು ತಮ್ಮ ಮಾತನ್ನು ತಾವೇ ಹೇಳುವ ಹಾಗಾಗಬೇಕು. ಬಾಯಲ್ಲಿ ಆಗದಿದ್ದರೆ ಬರವಣಿಗೆಯಲ್ಲಿ. ಆಗಿಯೇ ಆಗಬೇಕು.

ಜುಲೈ 15. ಶುಕ್ರವಾರ

ಮೂರ್ನಾಲ್ಕು ದಿನದ ಹಿಂದೆ ಪುಸ್ತಕವನ್ನು ಅಟ್ಟಕ್ಕೆ ಹಾಕಿದೆ. ಅದರಲ್ಲಿ ಈಟಿಯಿದೆ, ಐರಾವತವಿದೆ, ನಮ್ಮ ಮನೆಯಲ್ಲಿ ಎರಡೂ ಇಲ್ಲ. ಕುಮಾರಿಗೆ ಪುಸ್ತಕ ಕಂಡರೆ ಬಾಯಿಪಾಠ ಶುರುವಾಗುತ್ತದೆ, ಅವಳ ತಾತನ ಕಥೆಯೂ ಅದೇ. ಇಬ್ಬರಿಗೂ ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ.

ಸೀಮೆಸುಣ್ಣ ತಗೊಂಡು ಮನೆಯೆಲ್ಲ ಬರೆದೆ. ಕೂಜೆಯ ಮೇಲೆ ‘ನೀರು’, ಗೂಡಿನ ಕೆಳಗೆ ‘ದೀಪ’, ಬಾಗಿಲಿಗೆ ‘ಬಾಗಿಲು’, ಹಾಗೆಯೇ ಚಾಪೆ, ಕೋಲು, ಗೋಡೆ. ಆಟ ಹೀಗೆ. ಕುಮಾರಿ ಒಂದು ಮಾತನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತಾಳೆ, ತಾತ ಊರುಗೋಲಿನಿಂದ ಆ ಸಾಮಾನನ್ನು ತೋರಿಸಬೇಕು. ಆಮೇಲೆ ತಾತ ಬರೆಯುತ್ತಾರೆ, ಅವಳು ಓಡಿಹೋಗಿ ಮುಟ್ಟಬೇಕು. ಮೊದಲ ದಿನ ಇಬ್ಬರೂ ಸಮಸಮ ಸೋತರು. ಈಗ ಓಟ ಜೋರಾಗಿದೆ. ಕುಮಾರಿ ಮೋಸ ಮಾಡಿ ಬೇರೆ ಕಡೆ ಮುಟ್ಟಿದರೆ ಮಾವನವರು ಕೋಲು ಕುಟ್ಟಿ “ಶಿವ ಶಿವ!” ಎಂದು ಕೂಗುತ್ತಾರೆ. ಅದು ಮಂಡಿಯ ದನಿಯೇ.

ಇವತ್ತು ಆಟ ಮುಗಿದ ಮೇಲೂ ಕೋಲು ಎತ್ತಿ ಕೂಜೆಯ ಮೇಲಿನ ‘ನೀರು’ ಅಕ್ಷರಗಳಿಗೆ ತಾಗಿಸಿ ನನ್ನ ಕಡೆ ನೋಡಿದರು. ಲಕ್ವ ಹೊಡೆದ ಮೇಲೆ ಅವರು ಕೇಳಿ ಪಡೆದ ಮೊದಲ ಲೋಟ ನೀರು. ನಾನೇ ಬಗ್ಗಿಸಿ ಕೊಟ್ಟೆ.

ಜುಲೈ 27. ಬುಧವಾರ

ಶ್ರಾವಣ ಹುಟ್ಟಿತು, ಜನವೂ ಹುಟ್ಟಿತು. ಮಾವನವರಿಗೆ ಮೌನಿ ಅಜ್ಜ ಅಂತ ಹೆಸರಿಟ್ಟು ದರ್ಶನಕ್ಕೆ ಬಸವನಗುಡಿಯಿಂದ, ಮಲ್ಲೇಶ್ವರದಿಂದೆಲ್ಲ ಬರುತ್ತಿದ್ದಾರೆ. ಹಾರ, ಹಣ್ಣು, ಕರ್ಪೂರ. ಹೊಗೆಗೆ ಮಾವನವರು ಕೆಮ್ಮುತ್ತಾರೆ, ಕೆಮ್ಮಿದರೂ ಅದಕ್ಕೊಂದು ಅರ್ಥ ಹಚ್ಚುತ್ತಾರೆ.

ಸುಂದರಮ್ಮ ಮತ್ತೆ ಬಂದಿದ್ದರು. ಮಗನಿಗೆ ಕೆಲಸವಾಯಿತಂತೆ, ಕೇಳಬೇಕೇ! ಗೂಡಿನ ಕೆಳಗಿನ ಸೀಮೆಸುಣ್ಣದ ಬರಹ ನೋಡಿ, “ಇದೇನು, ಮಂತ್ರಾನಾ?” ಎಂದರು. ಪಾಪ, ಓದು ಬಾರದು.

“ದೀಪ ಅಂತ ಬರೆದಿದೀವಿ” ಎಂದೆ.

ಆದರೂ ಕೈ ಮುಗಿದರು. ಮುಗಿಯಲಿ, ಮಾವನವರಿಗೆ ನೀರು ಸಿಕ್ಕಿದ್ದು ಅಂಥ ಬರಹದಿಂದಲೇ.

ನಡುಮನೆಯಲ್ಲಿ ಪಾಠಕ್ಕೆ ಜಾಗವಿಲ್ಲ. ಸ್ನಾನದ ನೆಪದಲ್ಲಿ ಹಿತ್ತಲಿಗೆ ಕರೆತಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂರಿಸುತ್ತೇನೆ. ಸ್ನಾನ ಯಾಕಿಷ್ಟು ಹೊತ್ತು ಎಂದು ಹೊರಗೆ ಕಾದವರು ಕೇಳಿದರೆ, “ಅವರದ್ದೆಲ್ಲ ನಿಧಾನ” ಎನ್ನುತ್ತಾರೆ ಅತ್ತೆ. ಅವರೂ ಅಲ್ಲೇ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿರುತ್ತಾರೆ. ಇವತ್ತು ಮಾವನವರು ಒಂದಕ್ಷರಕ್ಕೆ ತಡವರಿಸಿದಾಗ ಮೊರದ ಕಡೆಯಿಂದ ದನಿ ಬಂತು: “ಅದು ನಿನ್ನೆ ಬರೆದಿದ್ದೇ ಅಲ್ವೇನೇ ಕುಮಾರಿ, ಬಾಲ ಇರೋದು?”

ಬಾಲ ಇರುವುದೇ ಆಗಿತ್ತು. ತಿರುಗಿ ನೋಡಿದರೆ ಅತ್ತೆಯವರು ಕಲ್ಲು ಆರಿಸುವುದರಲ್ಲಿ ಮುಳುಗಿಹೋಗಿದ್ದರು.

ಆಗಸ್ಟ್ 6. ಶನಿವಾರ

ಇವರ ಹತ್ತಿರ ಮಾತು ತೆಗೆದೆ. ಕೆಲಸದಿಂದ ಬಂದು ಕಾಫಿ ಕುಡಿಯುತ್ತಿದ್ದರು.

“ಮಠಕ್ಕೆ ಹೋಗೋಕೆ ಅವರಿಗೆ ಮನಸ್ಸಿದೆಯೋ ಇಲ್ವೋ ಅಂತ ಯಾರಾದ್ರೂ ಕೇಳಿದ್ರಾ?”

“ಕೇಳಿದ್ವಲ್ಲ. ಶಿವ ಶಿವ ಅಂದ್ರು.”

“ನಿನ್ನೆ ಕೆಮ್ಮಿನ ಕಷಾಯ ಕೊಟ್ಟಾಗ್ಲೂ ಅದನ್ನೇ ಅಂದ್ರು.”

“ತಲೆ ಆಡಿಸಿದ್ರಲ್ಲ ಗಿರಿಜಾ.”

ಆ ತಲೆ ಆಡಿಸುವುದನ್ನೂ ನಾನು ಪರೀಕ್ಷೆ ಮಾಡಿ ನೋಡಿದ್ದೇನೆ. ಕುಮಾರಿಯಿಂದ ಕೇಳಿಸಿದೆ. “ತಾತ, ಇದು ಕೋಲಾ?” ಹೂಂ. “ತಾತ, ಇದು ಹಾವಾ?” ಅದಕ್ಕೂ ಹೂಂ. ಹೌದು, ಇಲ್ಲ ಎರಡಕ್ಕೂ ಆ ತಲೆ ಒಂದೇ ಥರ ಆಡುತ್ತದೆ. ಆಡಿಸಿದ ಮೇಲೆ ತಪ್ಪಾಯಿತು ಎಂದು ಅವರ ಕಣ್ಣಿನಲ್ಲಿ ಕಾಣುತ್ತದೆ.

ಇದನ್ನೆಲ್ಲ ಹೇಳಿದೆ. ಇವರಿಗೆ ಪಾಪ ಗಾಬರಿಯಾಯಿತು. “ನೀನು ಹೇಳಿದ್ರೆ ಚಿಕ್ಕಪ್ಪ ನಂಬಲ್ಲ. ಮಾವನ ಜೊತೆ ಮಾತೇ ಆಡದ ಸೊಸೆಗೆ ಅವರ ಮನಸ್ಸು ಹೇಗೆ ಗೊತ್ತಾಯ್ತು ಅಂತಾರೆ. ಅಪ್ಪಾನೇ ಹೇಳ್ಬೇಕು” ಎಂದರು.

ಅಪ್ಪನೇ ಹೇಳುತ್ತಾರೆ. ಇವತ್ತಿನಿಂದ ಎರಡು ಮಾತು ಹಿಡಿದಿದ್ದೇನೆ. ‘ಸರಿ’, ‘ಬೇಡ’. ನ್ಯಾಯವಾಗಿ ಎರಡನ್ನೂ ಸಮನಾಗಿ ಕಲಿಸಬೇಕು. ಮಾವನವರಿಗೆ ಹೋಗುವ ಮನಸ್ಸಿದ್ದರೆ ಅದನ್ನೂ ಅವರೇ ಬರೆಯಲಿ, ಬರೆದರೆ ಗಂಟು ನಾನೇ ಕಟ್ಟಿಕೊಡುತ್ತೇನೆ.

ಆದರೂ ‘ಬೇಡ’ವನ್ನು ಒಂದೆರಡು ಸಲ ಹೆಚ್ಚಿಗೆ ತಿದ್ದಿಸಿದೆ.

ಆಗಸ್ಟ್ 12. ಶುಕ್ರವಾರ

ಅಣ್ಣ ಬಂದಿದ್ದ, ಹಬ್ಬಕ್ಕೆ ಕರೆಯಲು. ಆಗುವುದಿಲ್ಲ, ಗುಣಿತ ಇನ್ನೂ ಮುಗಿದಿಲ್ಲ ಎಂದೆ. ಯಾರದ್ದು ಎಂದು ಕೇಳಿದ. ವಿವರಿಸಲು ಪುರುಸೊತ್ತಿರಲಿಲ್ಲ, ಉಪ್ಪಿಟ್ಟು ಕೊಟ್ಟು ಕಳಿಸಿದೆ.

ಹಿತ್ತಲಿಗೆ ಹೋಗುವ ಹೊತ್ತಿಗೆ ಮಾವನವರು ‘ಚಾಪೆ’ಯನ್ನು ‘ಚಪೆ’ ಮಾಡಿಟ್ಟಿದ್ದರು. “ದೀರ್ಘ ಎಲ್ಲಿಗೆ ಹೋಯ್ತು ಮಾವ? ಎಷ್ಟು ಸಲ ಹೇಳೋದು?” ಎಂದು ಕಲ್ಲಿನ ಮೇಲೆ ಕೂತು ಸ್ಲೇಟು ಕಿತ್ತುಕೊಂಡೆ. ಕುಮಾರಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ಏನು ನೋಡ್ತೀಯ, ನೀನೂ ಬರಿ ಎಂದು ಅವಳಿಗೂ ಗದರಿದೆ. ದೀರ್ಘ ಬಂತು. ನಾಳೆ ಏತ್ವಕ್ಕೆ ಬರಬೇಕು, ಬೇಗ ಬೇಗ ಆಗಬೇಕು.

ಕುಮಾರಿ ಬೀದಿಯ ಅಂಗಡಿಯ ಬೋರ್ಡನ್ನು ಕೂಡಿಸಿ ಕೂಡಿಸಿ ಓದಲು ನೋಡಿದಳಂತೆ, ಅರ್ಧ ಬಂತಂತೆ. ಜಾಣೆ.

ಆಗಸ್ಟ್ 20. ಶನಿವಾರ

ಆಗುತ್ತಿಲ್ಲ.

ಹಿತ್ತಲಿನಲ್ಲಿ ನಮ್ಮ ಮೂವರ ಎದುರಿಗೆ ‘ಬೇಡ’ ಬರೆಯುತ್ತಾರೆ. ಇವತ್ತು ನಡುಮನೆಯಲ್ಲಿ ಹೊರಗಿನವರಿದ್ದಾಗ ಸ್ಲೇಟು ಕೊಡಿಸಿ ನೋಡಿದೆ. ಕೈ ಕಲ್ಲಾಯಿತು. ಬೆವರು ಕಿತ್ತುಕೊಂಡು ಬಂತು, ಸ್ಲೇಟಿನ ಮೇಲೆ ಮೂಡಿದ್ದು ಹಳೆಯ ‘ಮ’ ಒಂದೇ. ಬಂದವರು ಅದನ್ನೂ ಕಣ್ಣಿಗೊತ್ತಿಕೊಂಡು ಹೋದರು.

ಅತ್ತೆಯವರು ಗಂಟು ಕಟ್ಟಿಟ್ಟಿದ್ದಾರೆ. ಎರಡು ಪಂಚೆ, ಶಾಲು, ವಿಭೂತಿ ಕರಡಿಗೆ. ಗಂಟು ಹಾಕಿದ್ದನ್ನು ಬಿಚ್ಚಿ, ಪಂಚೆಗಳನ್ನು ಇನ್ನೊಂದು ಸಲ ಮಡಚಿ, ಮತ್ತೆ ಕಟ್ಟಿದರು. ಮೂಲೆಯಲ್ಲಿ ಕೂತು, “ಇನ್ನು ಯಾರು ಬೈಯೋರು ನನ್ನ?” ಎಂದರು. ನನಗೆ ಹೇಳಿದ್ದೋ, ಗಂಟಿಗೆ ಹೇಳಿದ್ದೋ.

ನನಗೆ ಭಯವಾಗಿದೆ. ಭಯವಾದರೆ ನಾಳೆಯ ಪಾಠ ನಿಲ್ಲುತ್ತದೆಯೇ? ಭಾನುವಾರ, ಇಡೀ ದಿನವಿದೆ. ಕೂರಿಸುತ್ತೇನೆ.

ಆಗಸ್ಟ್ 22. ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ಊಟಕ್ಕೆ ಮುಂಚೆಯೇ ಮಠದ ಕಿರಿಯ ಸ್ವಾಮಿಗಳು ಕಾರಿನಲ್ಲಿ ಬಂದರು. ವಯಸ್ಸು ಮೂವತ್ತೂ ಇರಲಾರದು, ಮುಖ ಮಾತ್ರ ಸೌಮ್ಯ. ನಡುಮನೆ ತುಂಬಿತ್ತು. ಚಿಕ್ಕಮಾವ ಗಂಟನ್ನು ಎತ್ತಿ ತಾವೇ ಹಿಡಿದುಕೊಂಡಿದ್ದರು. ಇವರು ಕಂಬಕ್ಕೆ ಒರಗಿ ಒಮ್ಮೆ ನನ್ನನ್ನು, ಒಮ್ಮೆ ಅವರಪ್ಪನನ್ನು ನೋಡುತ್ತಿದ್ದರು. ನಾನು ಹೆಂಗಸರ ಮಧ್ಯೆ ಬಾಗಿಲ ಬಳಿ ನಿಂತಿದ್ದೆ.

“ಪರಮಶಿವಯ್ಯನವರೇ, ಹೊರಡೋಣವೇ?” ಎಂದರು ಸ್ವಾಮಿಗಳು.

“ಶಿವ ಶಿವ” ಎಂದರು ಮಾವನವರು. ತಲೆ ಆಡಿತು.

ಎಲ್ಲರೂ ಕೈಮುಗಿದರು. ಆಳುಗಳು ಎತ್ತಲು ಬಗ್ಗಿದರು. ಆಗ ಮಾವನವರ ಎಡಗೈ ನೆಲಕ್ಕೆ ಬಿತ್ತು. ಒಂದು ಸಲ ಬಡಿದರು, ಇನ್ನೊಂದು ಸಲ ಬಡಿದರು. ಬಡಿಯುತ್ತಲೇ ಇದ್ದರು. ಯಾರಿಗೂ ತಿಳಿಯಲಿಲ್ಲ, ಕುಮಾರಿಗೆ ತಿಳಿಯಿತು. ಓಡಿಹೋಗಿ ಸ್ಲೇಟು, ಬಳಪ ತಂದು ತಾತನ ತೊಡೆಯ ಮೇಲಿಟ್ಟಳು.

“ಮಗು, ಈಗ ಆಟ ಬೇಡ, ಆ ಕಡೆ ಹೋಗು” ಎಂದು ಚಿಕ್ಕಮಾವ ಸ್ಲೇಟಿಗೆ ಕೈ ಹಾಕಿದರು.

“ಮುಟ್ಟಬೇಡಿ ಚಿಕ್ಕಮಾವ” ಎಂದೆ. ಹೆಂಗಸರನ್ನು ದಾಟಿಕೊಂಡು ಹೋಗಿ ಮಾವನವರ ಎದುರಿಗೆ ಕೂತು ಸ್ಲೇಟನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ, ಜಾರದ ಹಾಗೆ. “ಬರೀರಿ ಮಾವ. ಯಾರೂ ಇಲ್ಲ ಅಂದ್ಕೊಳ್ಳಿ. ನಿಧಾನ.”

ಹಿಂದೆ ಯಾರೋ ಗುಸುಗುಸು ಅಂದರು. ಸ್ವಾಮಿಗಳು ಕೈ ಎತ್ತಿ ಸುಮ್ಮನಿರಿಸಿದರು.

ಬಳಪ ಸ್ಲೇಟಿಗೆ ತಾಗಿತು. ‘ಬೇ’ ಬರಬೇಕಾಗಿತ್ತು, ಬರಲಿಲ್ಲ. ಬಂದದ್ದು ‘ನ’. ‘ಸರಿ’ಯೂ ಅಲ್ಲ, ‘ಬೇಡ’ವೂ ಅಲ್ಲ, ಕೈ ಮತ್ತೆ ದಾರಿ ತಪ್ಪಿತು, ಎಲ್ಲ ಮುಗಿಯಿತು ಅಂದುಕೊಂಡೆ. ಅಳಿಸಲು ಕೈ ಹೋಯಿತು. ಮಾವನವರು ಮೊಣಕೈಯಿಂದ ನನ್ನ ಕೈಯನ್ನು ತಳ್ಳಿದರು. ದೀರ್ಘ ಎಳೆದರು. ಮುಂದಿನ ಅಕ್ಷರಕ್ಕೆ ಎಷ್ಟೋ ಹೊತ್ತು ಹಿಡಿಯಿತು. ಮೂಗಿನ ತುದಿಯಿಂದ ಒಂದು ಹನಿ ಬೆವರು ಸ್ಲೇಟಿಗೆ ಬಿತ್ತು, ಅದನ್ನು ಸೆರಗಿನಿಂದ ಒತ್ತಿದೆ. ಬರೆದರು, ನಿಂತರು, ಉಸಿರು ತೆಗೆದುಕೊಂಡರು, ಬರೆದರು. ನಾನು ಹಿಡಿದ ಕಡೆಯಿಂದ ಅಕ್ಷರಗಳೆಲ್ಲ ತಲೆಕೆಳಗು, ಕಣ್ಣಲ್ಲಿ ನೀರು ಬೇರೆ. ನನಗೆ ಏನೂ ಕಾಣುತ್ತಿರಲಿಲ್ಲ.

ಬಳಪ ಕೆಳಗಿಟ್ಟರು. ಸ್ಲೇಟನ್ನು ನನ್ನ ಕೈಯಿಂದ ಬಿಡಿಸಿ, ಸ್ವಾಮಿಗಳಿಗೂ ಕೊಡದೆ, ತಮ್ಮನಿಗೂ ಕೊಡದೆ, ಕುಮಾರಿಯ ಕಡೆ ತಿರುಗಿಸಿದರು.

ಕುಮಾರಿ ಬೆರಳಿಟ್ಟಳು. ಇಷ್ಟು ಜನರ ಮುಂದೆ ಅವಳಿಗೆ ಮಾತು ಹೊರಡುವುದಿಲ್ಲ ಅಂದುಕೊಂಡೆ.

“ನಾ... ಳೆ. ನಾಳೆ.” ಬೆರಳು ಸರಿಯಿತು. “ಪಾ... ಠ. ಪಾಠ.” ಮತ್ತೆ ಸರಿಯಿತು. “ಇ... ದೆ.”

ತಲೆ ಎತ್ತಿ, ಎಲ್ಲರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿದಳು: “ನಾಳೆ ಪಾಠ ಇದೆ.”

ಯಾರಿಗೂ ಅರ್ಥವಾಗಿಲ್ಲವೇನೋ ಎಂದು ಕುಮಾರಿಗೆ ಅನ್ನಿಸಿತು. “ತಾತಂಗೆ ನಾಳೆ ಪಾಠ ಇದೆಯಂತೆ. ಬರಕ್ಕಾಗಲ್ವಂತೆ” ಎಂದು ಸ್ವಾಮಿಗಳಿಗೆ ಬಿಡಿಸಿ ಹೇಳಿದಳು.

ಸ್ವಾಮಿಗಳು ಸ್ಲೇಟನ್ನು ತೆಗೆದುಕೊಂಡು ತಾವೂ ಓದಿದರು. “ಪಾಠಕ್ಕೆ ಕೂತೋರನ್ನ ಎಬ್ಬಿಸಿಕೊಂಡು ಹೋಗೋ ಹಾಗಿಲ್ಲ ಮಲ್ಲಿಕಾರ್ಜುನಯ್ಯನವರೇ” ಎಂದರು. “ಇವರು ನಮ್ಮ ಮೌನಿಯಲ್ಲ. ನಿಮ್ಮ ಮನೆ ಯಜಮಾನರು.”

ಚಿಕ್ಕಮಾವ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಸಿದು ಕೂತರು. “ಮೊದಲೇ ಹೇಳಬಾರದಾಗಿತ್ತೇನಣ್ಣ?” ಎಂದು ಮಗುವಿನ ಹಾಗೆ ಅತ್ತರು. ಮಾವನವರು ಎಡಗೈಯನ್ನು ಅವರ ಹೆಗಲ ಮೇಲಿಟ್ಟು “ಶಿವ ಶಿವ” ಎಂದರು. ಇವತ್ತು ಅದರ ಅರ್ಥ ಯಾರೂ ಕೇಳಲಿಲ್ಲ. ಅತ್ತೆಯವರು ಬಂದು ಚಿಕ್ಕಮಾವನ ಮಡಿಲಿನಿಂದ ಗಂಟು ಎತ್ತಿಕೊಂಡು, ಬಿಚ್ಚುತ್ತಲೇ ಒಳಗೆ ಹೋದರು.

ಈಗ ಎಲ್ಲರೂ ಹೋಗಿದ್ದಾರೆ. ತಾತನೂ ಮೊಮ್ಮಗಳೂ ಒಂದೇ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದಾರೆ. ಅಳಿಸಬಾರದೆಂದು ಕುಮಾರಿ ಸ್ಲೇಟನ್ನು ದೀಪದ ಗೂಡಿನಲ್ಲಿಟ್ಟಿದ್ದಾಳೆ, ನಾಳೆಗೆ ಇನ್ನೊಂದು ಕೊಂಡು ತರಬೇಕು. ಇವತ್ತಿಗೆಂದು ನಾನು ತಿದ್ದಿಸಿದ್ದು ‘ಬೇಡ’, ‘ಸರಿ’ ಎರಡೇ. ಇವತ್ತಿನ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ.